ಹಳೇ ಅಮೆರಿಕದ ಊರ ಪತ್ರಿಕೆಗಳಲ್ಲಿ ಅಂಗಡಿ ಜಾಹೀರಾತು, ಬಾಟಲಿ ಔಷಧಿ: ಪದೇ ಪದೇ ಕೇಳುವ ಪ್ರಶ್ನೆಗಳು

1900ರಿಂದ 1915ರ ನಡುವಿನ ಅಮೆರಿಕದ ಸಣ್ಣ ಊರಿನ ಯಾವುದೇ ಪತ್ರಿಕೆ ತೆರೆದು ನೋಡಿ. ಸುದ್ದಿಗಿಂತ ಮೊದಲು ಜಾಹೀರಾತೇ ಕಣ್ಣಿಗೆ ಬೀಳುತ್ತದೆ. ಒಂದು ಕಡೆ ಊರ ದಿನಸಿ ಅಂಗಡಿ, ಕಮ್ಮಾರ, ಕುದುರೆ ಲಾಯ. ಇನ್ನೊಂದು ಕಡೆ ಬೆನ್ನುನೋವು, ಕೆಮ್ಮು, ನರದೌರ್ಬಲ್ಯ ಎಲ್ಲಕ್ಕೂ ಒಂದೇ ಬಾಟಲಿ; ಇಂಥದ್ದಕ್ಕೆ ಆಗ 'ಪೇಟೆಂಟ್ ಔಷಧಿ' ಅನ್ನುತ್ತಿದ್ದರು. ಈ ಹಳೇ ಪುಟಗಳನ್ನು ಓದುವ ಹವ್ಯಾಸ ನನಗೆ ಹತ್ತಿ ಬಹಳ ದಿನವಾಯಿತು. ಗೆಳೆಯರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಒಟ್ಟಿಗೆ ಉತ್ತರ ಬರೆದಿದ್ದೇನೆ.

ಅಂಥ ಒಂದು ಪತ್ರಿಕೆ ನೋಡಲು ಹೇಗಿರುತ್ತಿತ್ತು?

ಹೆಚ್ಚಿನವು ವಾರಪತ್ರಿಕೆಗಳು. ಒಂದು ದೊಡ್ಡ ಹಾಳೆ, ಮಧ್ಯಕ್ಕೆ ಮಡಚಿದರೆ ನಾಲ್ಕು ಪುಟ. ಸ್ವಲ್ಪ ಅನುಕೂಲವಿದ್ದ ಊರಾದರೆ ಎಂಟು ಪುಟ. ಅಂಕಣಗಳು ಕಿರಿದು, ಅಕ್ಷರ ಸಣ್ಣದು. ಯಾರು ಯಾರ ಮನೆಗೆ ಊಟಕ್ಕೆ ಹೋದರು, ಯಾರ ಹಸು ಕಳೆದುಹೋಯಿತು ಅನ್ನುವುದೂ ಸುದ್ದಿಯೇ. ಸಂಪಾದಕ, ಅಚ್ಚಿನ ಮೊಳೆ ಜೋಡಿಸುವವ, ಚಂದಾ ವಸೂಲಿ ಮಾಡುವವ ಎಲ್ಲಾ ಒಬ್ಬನೇ ಆಗಿರುತ್ತಿದ್ದದ್ದೂ ಉಂಟು.

ಒಂದು ವಿಷಯ ಮರೆಯಬಾರದು. ತನ್ನ ಕೌಂಟಿಯೊಳಗಿನ (ನಮ್ಮ ಜಿಲ್ಲೆಯಂಥದ್ದು) ಚಂದಾದಾರರಿಗೆ ಪತ್ರಿಕೆ ಕಳಿಸಲು ಸಣ್ಣ ಊರಿನ ವಾರಪತ್ರಿಕೆಗೆ ಅಂಚೆ ಖರ್ಚೇ ಇರಲಿಲ್ಲ. ಹಾಗಾಗಿ ದೂರದ ತೋಟದ ಮನೆಗೂ ಅದು ತಲುಪುತ್ತಿತ್ತು. ರೇಡಿಯೋ ಇಲ್ಲದ ಕಾಲ. ಮನೆಗೆ ಬರುವ ಓದುವ ಸಾಮಾನು ಅಂದರೆ ಬೈಬಲ್, ಪಂಚಾಂಗದ ಥರದ ಆಲ್ಮನಾಕ್, ಜೊತೆಗೆ ಈ ಪತ್ರಿಕೆ. ಜಾಹೀರಾತನ್ನೂ ಜನ ಒಂದಕ್ಷರ ಬಿಡದೆ ಓದುತ್ತಿದ್ದರು.

ಪೇಟೆಂಟ್ ಔಷಧಿ ಅಂದರೆ ಪೇಟೆಂಟ್ ಪಡೆದ ಔಷಧಿಯಾ?

ಅಲ್ಲ. ಇಂಗ್ಲೆಂಡಿನಲ್ಲಿ ರಾಜರು ಕೊಡುತ್ತಿದ್ದ ಸನ್ನದಿನಿಂದ ಬಂದ ಹೆಸರು ಅದು. ಅಮೆರಿಕದಲ್ಲಿ ಹೆಸರು ಮಾತ್ರ ಉಳಿಯಿತು. ನಿಜವಾದ ಪೇಟೆಂಟ್ ಬೇಕಾದರೆ ಒಳಗೆ ಏನಿದೆ ಅಂತ ಬರೆದುಕೊಡಬೇಕು. ಮಾರುವವರಿಗೆ ಅದೇ ಬೇಡವಾಗಿತ್ತು. ಅವರು ಬಾಟಲಿಯ ಹೆಸರು, ಚೀಟಿ, ಗುರುತು ಇವನ್ನು ನೋಂದಾಯಿಸುತ್ತಿದ್ದರು. ಒಳಗಿನದು ಗುಟ್ಟಾಗಿಯೇ ಇರುತ್ತಿತ್ತು.

ನೂರಾರು ಮೈಲಿ ದೂರದ ಊರುಗಳ ಪತ್ರಿಕೆಗಳಲ್ಲೂ ಒಂದೇ ಜಾಹೀರಾತು, ಒಂದೇ ಜಾಗದಲ್ಲಿ ಇರುತ್ತದಲ್ಲ, ಯಾಕೆ?

ನನಗೂ ಮೊದಲು ಇದೇ ಅಚ್ಚರಿ. ಕಾನ್ಸಾಸ್‌ನ ಒಂದು ಪತ್ರಿಕೆ, ನೆಬ್ರಾಸ್ಕದ ಇನ್ನೊಂದು ಪತ್ರಿಕೆ ಪಕ್ಕಪಕ್ಕ ತೆರೆದು ಕೂತಿದ್ದೆ. ಮೊದಲ ಪುಟ ಬೇರೆ ಬೇರೆ. ಒಳಪುಟಕ್ಕೆ ಬಂದರೆ ಅದೇ ಕಥೆ, ಅದೇ ಅಡುಗೆ ಟಿಪ್ಪಣಿ, ಅದೇ ಔಷಧಿ, ಅದೇ ಮೂಲೆಯಲ್ಲಿ.

ಇದಕ್ಕೆ ಕಾರಣ ರೆಡಿಪ್ರಿಂಟ್ ಅನ್ನುವ ವ್ಯವಸ್ಥೆ. ಶುರುವಾದದ್ದು ಯುದ್ಧದಿಂದ. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾದಾಗ ವಿಸ್ಕಾನ್ಸಿನ್ ರಾಜ್ಯದ ಬ್ಯಾರಬೂ ಊರಿನ ಸಂಪಾದಕ ಆನ್ಸೆಲ್ ಕೆಲಾಗ್ ಅವರ ಅಚ್ಚುಕೂಟದಲ್ಲಿ ಕೆಲಸಕ್ಕೆ ಜನ ಇಲ್ಲದಂತಾಯಿತು. ಎಲ್ಲರೂ ಸೈನ್ಯಕ್ಕೆ ಹೋದರು. ಅವರು ರಾಜಧಾನಿ ಮ್ಯಾಡಿಸನ್‌ನ ದೊಡ್ಡ ಪತ್ರಿಕೆಯಿಂದ ಯುದ್ಧದ ಸುದ್ದಿ ಅಚ್ಚಾದ ಹಾಳೆಗಳನ್ನು ತರಿಸಿಕೊಂಡರು. ಖಾಲಿ ಬದಿಯಲ್ಲಿ ತಮ್ಮೂರಿನ ಸುದ್ದಿ ಅಚ್ಚು ಹಾಕಿದರು. ಅರ್ಧ ಕೆಲಸ ಉಳಿಯಿತು! ಯುದ್ಧ ಮುಗಿದ ಮೇಲೆ 1865ರಲ್ಲಿ ಷಿಕಾಗೋಗೆ ಹೋಗಿ ಇದನ್ನೇ ದೊಡ್ಡ ವ್ಯಾಪಾರ ಮಾಡಿದರು.

ಹೀಗೆ ಒಂದು ಬದಿ ಮೊದಲೇ ಅಚ್ಚಾಗಿ ಬರುವ ಹಾಳೆಗೆ ಅಚ್ಚುಕೂಟದವರು 'ಪೇಟೆಂಟ್ ಇನ್‌ಸೈಡ್ಸ್' ಅಂತಲೇ ಕರೆಯುತ್ತಿದ್ದರು. ಹಾಳೆ ಕಳಿಸುವ ಕಂಪನಿ ಅದರಲ್ಲಿ ಜಾಹೀರಾತು ತುಂಬಿ, ಆ ಹಣ ತಾನು ಇಟ್ಟುಕೊಂಡು, ಸಂಪಾದಕರಿಗೆ ಹಾಳೆಯನ್ನು ಅಗ್ಗದಲ್ಲಿ ಕೊಡುತ್ತಿತ್ತು. ಆ ಜಾಹೀರಾತಿನಲ್ಲಿ ಜಾಸ್ತಿ ಪಾಲು ಔಷಧಿಯದೇ. ಇಪ್ಪತ್ತನೇ ಶತಮಾನದ ಆರಂಭಕ್ಕೆ ವೆಸ್ಟರ್ನ್ ನ್ಯೂಸ್‌ಪೇಪರ್ ಯೂನಿಯನ್ ಈ ವ್ಯಾಪಾರದಲ್ಲಿ ಎಲ್ಲರನ್ನೂ ಮೀರಿಸಿ ಬೆಳೆಯಿತು. ಹಾಳೆ ಬೇಡ ಅಂದವರಿಗೆ ಅಚ್ಚುಫಲಕವೂ ಸಿಗುತ್ತಿತ್ತು. ಲೋಹದಲ್ಲಿ ಎರಕ ಹೊಯ್ದ ಸಿದ್ಧ ಅಂಕಣ ಅದು. ಬೇಕಾದಷ್ಟು ಉದ್ದಕ್ಕೆ ಗರಗಸದಿಂದ ಕೊಯ್ದು ಕೂರಿಸಿದರೆ ಆಯಿತು.

ಅಂದರೆ ಒಳಪುಟದ ಔಷಧಿ ಜಾಹೀರಾತನ್ನು ಎಷ್ಟೋ ಸಂಪಾದಕರು ತಾವಾಗಿ ಆರಿಸಿ ಹಾಕಿದ್ದೇ ಅಲ್ಲ. ಅದು ಕಾಗದದ ಜೊತೆಗೇ ಬಂದದ್ದು.

ಊರ ಅಂಗಡಿಯವರ ಜಾಹೀರಾತು ಹೇಗಿರುತ್ತಿತ್ತು?

ಸರಳ. ಹೆಸರು, ಸಾಮಾನು, ಬ್ಯಾಂಕಿನ ಪಕ್ಕ ಅಥವಾ ಕೋರ್ಟ್ ಕಟ್ಟಡದ ಎದುರು ಅನ್ನುವ ಗುರುತು. ಮನೆ ನಂಬರ್ ಬೇಕೇ ಇಲ್ಲ, ಎಲ್ಲರಿಗೂ ಗೊತ್ತು. ಒಂದೇ ಜಾಹೀರಾತು ಬದಲಾಗದೆ ತಿಂಗಳುಗಟ್ಟಲೆ ನಡೆಯುತ್ತಿತ್ತು. ಮೊಳೆ ಬಿಚ್ಚಿ ಮತ್ತೆ ಜೋಡಿಸುವುದು ಕೆಲಸ ಅಲ್ವಾ? ಹಾಗಾಗಿ ಬೇಸಿಗೆಯಲ್ಲೂ ಚಳಿಗಾಲದ ಕೋಟಿನ ಜಾಹೀರಾತು ಕಾಣಿಸಿದರೆ ಆಶ್ಚರ್ಯಪಡಬೇಡಿ. ಪೀಠೋಪಕರಣ ಮಾರುವವನೇ ಶವಪೆಟ್ಟಿಗೆಯನ್ನೂ ಮಾರುತ್ತಿದ್ದ. ಎರಡೂ ಒಂದೇ ಜಾಹೀರಾತಿನಲ್ಲಿ. ಅದು ತಮಾಷೆಯಲ್ಲ, ಮರಗೆಲಸ ಬಲ್ಲವನು ಊರಿಗೆ ಒಬ್ಬನೇ ಇರುತ್ತಿದ್ದ.

ಹಣ ಯಾವಾಗಲೂ ಹಣವಾಗಿಯೇ ಬರುತ್ತಿರಲಿಲ್ಲ. ಸೌದೆ, ಆಲೂಗಡ್ಡೆ, ಕೋಳಿ ಕೊಟ್ಟು ಚಂದಾ ತೀರಿಸುವವರು ಬಹಳ ಜನ. ಅಂಗಡಿಯವನು ಸಾಮಾನು ಕೊಟ್ಟು ಲೆಕ್ಕ ಚುಕ್ತಾ ಮಾಡುತ್ತಿದ್ದ. ಆ ನಡುವೆ ನಗದು ಕೊಡುತ್ತಿದ್ದವರು ಪತ್ರಿಕೆಗೆ ನೇರವಾಗಿ ಜಾಹೀರಾತು ಕೊಡುತ್ತಿದ್ದ ದೂರದ ಔಷಧಿ ಕಂಪನಿಗಳು. ಸಂಪಾದಕನ ಕಷ್ಟ ಅರ್ಥವಾಗಬೇಕಾದರೆ ಇದನ್ನು ನೆನಪಿಟ್ಟುಕೊಳ್ಳಿ.

ಊರ ಅಂಗಡಿಗಳಿಗೆ ಇನ್ನೊಂದು ಭಯವೂ ಇತ್ತು, ಸಿಯರ್ಸ್ ಥರದ ಅಂಚೆ ವ್ಯಾಪಾರದ ಕ್ಯಾಟಲಾಗ್. 1902ರ ಹೊತ್ತಿಗೆ ಹಳ್ಳಿ ಮನೆಗಳಿಗೇ ಅಂಚೆ ತಲುಪಿಸುವುದು ಕಾಯಂ ಆಯಿತು. 1913ರ ಜನವರಿ 1ರಿಂದ ಪಾರ್ಸೆಲ್ ಸೇವೆಯೂ ಬಂತು. ಆಮೇಲಂತೂ ಸಂಪಾದಕರು 'ನಿಮ್ಮೂರಲ್ಲೇ ಕೊಳ್ಳಿ' ಅಂತ ಬರೆದದ್ದೇ ಬರೆದದ್ದು. ಅಂಚೆ ವ್ಯಾಪಾರಿಗಳ ಜಾಹೀರಾತನ್ನು ಹಲವರು ಹಾಕುತ್ತಲೇ ಇರಲಿಲ್ಲ. ಆದರೆ ಹೊರಗಿನ ಔಷಧಿ ಕಂಪನಿಯ ಜಾಹೀರಾತಿಗೆ ಅಡ್ಡಿಯಿರಲಿಲ್ಲ. ಅದು ಮಾರಾಟವಾಗುತ್ತಿದ್ದದ್ದು ಊರ ಔಷಧಿ ಅಂಗಡಿಯಲ್ಲೇ ತಾನೆ. ಜಾಹೀರಾತಿನ ಕೊನೆಯಲ್ಲಿ ಆ ಅಂಗಡಿಯ ಹೆಸರೂ ಇರುತ್ತಿತ್ತು.

ಬಾಟಲಿಯೊಳಗೆ ನಿಜವಾಗಿ ಏನಿತ್ತು?

ಬಹಳಷ್ಟರಲ್ಲಿ ಮದ್ಯಸಾರ. ಒಹಾಯೋ ರಾಜ್ಯದ ಕೊಲಂಬಸ್‌ನಲ್ಲಿ ಡಾಕ್ಟರ್ ಸ್ಯಾಮ್ಯುಯೆಲ್ ಹಾರ್ಟ್‌ಮನ್ ತಯಾರಿಸುತ್ತಿದ್ದ ಪೆರೂನಾ ಆಗ ಮನೆಮಾತು. ಅದರಲ್ಲಿ ಮದ್ಯಸಾರ ಸುಮಾರು ನೂರಕ್ಕೆ 28 ಪಾಲು. ದ್ರಾಕ್ಷಿ ವೈನ್‌ನಲ್ಲಿ ಇರುವುದು ಹೆಚ್ಚುಕಡಿಮೆ 12. ಮೂಗು, ಗಂಟಲಿನ ಒಳಪೊರೆ ಊದಿ ಸಿಂಬಳ ಸುರಿಯುವುದಕ್ಕೆ ಆಗ 'ಕೆಟಾರ್' ಅನ್ನುತ್ತಿದ್ದರು. ಹಾರ್ಟ್‌ಮನ್ ಪ್ರಕಾರ ಹೊಟ್ಟೆ, ಶ್ವಾಸಕೋಶ, ಮೂತ್ರಪಿಂಡ ಎಲ್ಲಿ ತೊಂದರೆಯಾದರೂ ಅದೆಲ್ಲಾ ಕೆಟಾರೇ. ಎಲ್ಲಾ ರೋಗಕ್ಕೂ ಒಂದೇ ಹೆಸರಿಟ್ಟರೆ ಎಲ್ಲಾ ರೋಗಕ್ಕೂ ಒಂದೇ ಬಾಟಲಿ ಸಾಕು. ಮೂಲನಿವಾಸಿಗಳ ಮೀಸಲು ಪ್ರದೇಶಗಳಲ್ಲಿ ಪೆರೂನಾ ಕುಡಿದು ಅಮಲೇರುವುದು ಹೆಚ್ಚಾಗಿ, 1905ರಲ್ಲಿ ಸರ್ಕಾರವೇ ಅಲ್ಲಿ ಅದರ ಮಾರಾಟ ನಿಲ್ಲಿಸಿತು.

ಮಕ್ಕಳ ಔಷಧಿ ನೆನೆದರೆ ಈಗಲೂ ಹೊಟ್ಟೆ ಕಿವುಚುತ್ತದೆ. 'ಮಿಸೆಸ್ ವಿನ್ಸ್ಲೋಸ್ ಸೂದಿಂಗ್ ಸಿರಪ್' ಅಂತ ಒಂದಿತ್ತು. ಹಲ್ಲು ಬರುವಾಗ ರಚ್ಚೆ ಹಿಡಿಯುವ ಮಗುವಿಗೆ ಒಂದು ಚಮಚ. ಮಗು ತಣ್ಣಗೆ ನಿದ್ದೆ ಹೋಗುತ್ತಿತ್ತು, ಯಾಕೆಂದರೆ ಒಳಗಿದ್ದದ್ದು ಮಾರ್ಫಿನ್. ಕೆಲವು ಮಕ್ಕಳು ಮತ್ತೆ ಏಳಲಿಲ್ಲ. ಜಾಹೀರಾತಿನ ಚಿತ್ರದಲ್ಲಿ ಮಾತ್ರ ತಾಯಿಯ ಮಡಿಲು, ನಗುವ ಮಗು. 1911ರಲ್ಲಿ ವೈದ್ಯರ ಸಂಘವಾದ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ ಇದನ್ನು ಶಿಶುಹಂತಕಗಳ ಪಟ್ಟಿಗೆ ಸೇರಿಸಿತು.

ಅಷ್ಟು ಸುಲಭವಾಗಿ ಜನ ನಂಬುತ್ತಿದ್ದದ್ದು ಹೇಗೆ?

ಅವರನ್ನು ಪೆದ್ದರು ಅನ್ನಬೇಡಿ. ನಂಬಿದ್ದು ಬಾಟಲಿಯನ್ನಲ್ಲ, ಪಕ್ಕದ ಮನೆಯವರನ್ನು.

ನನ್ನ ಮಟ್ಟಿಗೆ ಈ ಇಡೀ ವಿಷಯದ ಜೀವಾಳ ಇದು. ನ್ಯೂಯಾರ್ಕ್ ರಾಜ್ಯದ ಬಫಲೋ ಊರಿನಿಂದ ಬರುತ್ತಿದ್ದ ಡೋನ್ಸ್ ಕಿಡ್ನಿ ಪಿಲ್ಸ್ ಜಾಹೀರಾತನ್ನು ಹತ್ತಿರದಿಂದ ನೋಡಿ. ಚಿತ್ರ ಹೆಚ್ಚಿಲ್ಲ, ದಪ್ಪಕ್ಷರದ ಅಬ್ಬರವೂ ಇಲ್ಲ. ಸುದ್ದಿಯಂತೆಯೇ ಒಂದು ಅಂಕಣ. ತಲೆಬರಹದಲ್ಲಿ ಓದುಗರ ಊರಿನ ಹೆಸರು. ಕೆಳಗೆ ಅದೇ ಊರಿನ ಒಬ್ಬರ ಹೆಸರು, ಅವರ ಬೀದಿ, ಕೆಲವೊಮ್ಮೆ ಮನೆ ನಂಬರ್ ಕೂಡ. 'ಬಗ್ಗಲು ಆಗುತ್ತಿರಲಿಲ್ಲ, ಬೆಳಗ್ಗೆ ಎದ್ದರೆ ಸೊಂಟ ಹಿಡಿದುಕೊಳ್ಳುತ್ತಿತ್ತು' ಅನ್ನುವಂಥ ಮಾತು. ಔಷಧಿ ಕೊಂಡ ಅಂಗಡಿಯ ಹೆಸರು, ಅದೂ ಆ ಊರಿನದೇ. ಎರಡು ಮೂರು ವರ್ಷ ಬಿಟ್ಟು ಅದೇ ವ್ಯಕ್ತಿ 'ಅಂದು ಹೇಳಿದ ಮಾತಿಗೆ ಇಂದಿಗೂ ಬದ್ಧ' ಅಂತ ಮತ್ತೆ ಹೇಳುತ್ತಾರೆ. ಕೊನೆಯ ಸಾಲುಗಳು ಎಲ್ಲಾ ಕಡೆ ಒಂದೇ: ಬೆಲೆ 50 ಸೆಂಟ್, ಡೋನ್ಸ್ ಅನ್ನುವ ಹೆಸರು ನೆನಪಿರಲಿ, ಬೇರೆ ಯಾವುದನ್ನೂ ತಗೊಳ್ಳಬೇಡಿ.

ಓದುವವರು ಏನು ಮಾಡಬೇಕು ಹೇಳಿ? ಆ ಹೆಸರಿನವರು ಭಾನುವಾರ ಚರ್ಚಿನಲ್ಲಿ ಮುಂದಿನ ಸಾಲಲ್ಲಿ ಕೂರುವವರು. ಹೇಳಿದ ನೋವೂ ಸುಳ್ಳಲ್ಲ, ಹೊಲದಲ್ಲಿ ದುಡಿಯುವ ಎಲ್ಲರಿಗೂ ಸೊಂಟನೋವು ಇದ್ದೇ ಇತ್ತು. ಅದರಲ್ಲಿ ಬಹಳಷ್ಟು ತಾನಾಗಿಯೇ ವಾಸಿಯಾಗುತ್ತದೆ. ಆಗ ಕೀರ್ತಿ ಗುಳಿಗೆಗೆ. ಊರಿನ ಕಮ್ಮಾರ ಕೆಟ್ಟ ಲಾಳ ಹೊಡೆದರೆ ಮಾರನೇ ದಿನ ಎದುರಿಗೆ ನಿಂತು ಕೇಳಬಹುದಿತ್ತು. ಬಫಲೋದವರನ್ನು ಕೇಳಲು ಎಲ್ಲಿಗೆ ಹೋಗುವುದು? ಊರಿನೊಳಗೆ ತಲೆಮಾರುಗಳಿಂದ ಬೆಳೆದು ಬಂದ ಭರವಸೆಯನ್ನು ದೂರದ ಕಂಪನಿ ಎರವಲು ಪಡೆದು ತನ್ನ ಗುಳಿಗೆಗೆ ಹಚ್ಚಿತು. ಇದು ನನಗೆ ಬಾಟಲಿಯೊಳಗಿನ ಮದ್ಯಸಾರಕ್ಕಿಂತ ದೊಡ್ಡ ಅನ್ಯಾಯ ಅನ್ನಿಸುತ್ತದೆ.

ಕ್ಷಯ, ಸಕ್ಕರೆ ಕಾಯಿಲೆಯಂಥ, ಆಗ ಗುಣವಾಗದಿದ್ದ ರೋಗಗಳ ಔಷಧಿಯಲ್ಲಂತೂ ಇದು ಇನ್ನೂ ಕ್ರೂರ. ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್‌ನ ಆರ್ಥರ್ ಕ್ರ್ಯಾಂಪ್ ಅನ್ನುವವರು 'ಗುಣವಾಯಿತು' ಅಂತ ಪತ್ರ ಬರೆದವರ ಮರಣ ಪ್ರಮಾಣಪತ್ರಗಳನ್ನು ಹುಡುಕಿ ತೆಗೆದು, ಎರಡನ್ನೂ ಪಕ್ಕಪಕ್ಕ ಅಚ್ಚು ಹಾಕಿಸುತ್ತಿದ್ದರು. ಯಾವ ರೋಗ ವಾಸಿಯಾಯಿತು ಅಂದಿದ್ದರೋ ಅದರಿಂದಲೇ ಸಾವು.

ಸುದ್ದಿ ಅಂತ ಓದುತ್ತಾ ಹೋದರೆ ಕೊನೆಗೆ ಔಷಧಿಯ ಹೆಸರು ಬರುತ್ತದೆ. ಇದು ಏನು?

ಇದಕ್ಕೆ 'ರೀಡಿಂಗ್ ನೋಟಿಸ್' ಅನ್ನುತ್ತಿದ್ದರು. ದುಡ್ಡು ಕೊಟ್ಟು ಹಾಕಿಸಿದ ಸುದ್ದಿ. ಅಕ್ಷರ, ಅಂಕಣ ಎಲ್ಲಾ ಸುದ್ದಿಯದೇ. ಊರ ಸುದ್ದಿಯ ನಡುವೆಯೇ ಎರಡು ಸಾಲಿನ ಔಷಧಿ ಮಾತು ತೂರಿಸುವುದೂ ಇತ್ತು. 1912ರ ಆಗಸ್ಟ್‌ನಲ್ಲಿ ಬಂದ ಕಾನೂನು ಇದಕ್ಕೆ ಕಡಿವಾಣ ಹಾಕಿತು. ಅಂಚೆಯ ರಿಯಾಯಿತಿ ದರ ಬೇಕಾದರೆ ದುಡ್ಡಿನ ಬರಹದ ಮೇಲೆ 'ಜಾಹೀರಾತು' ಅಂತ ಅಚ್ಚು ಹಾಕಲೇಬೇಕು. ಪತ್ರಿಕೆಯ ಮಾಲೀಕರು ಯಾರು ಅಂತಲೂ ತಿಳಿಸಬೇಕು. ಪ್ರಕಾಶಕರು ಸುಪ್ರೀಂ ಕೋರ್ಟಿಗೆ ಹೋದರು, 1913ರಲ್ಲಿ ಸೋತರು.

ಊರಲ್ಲಿ ನಿಜವಾದ ಡಾಕ್ಟರ್ ಇರಲಿಲ್ವಾ?

ಇದ್ದರು. ಪತ್ರಿಕೆಯಲ್ಲೂ ಇದ್ದರು, ಮೂಲೆಯಲ್ಲಿ. ವೈದ್ಯರ ಸಂಘದ ನೀತಿಸಂಹಿತೆ ಪ್ರಚಾರ ಮಾಡಿಕೊಳ್ಳುವುದನ್ನು ಒಪ್ಪುತ್ತಿರಲಿಲ್ಲ. ಹಾಗಾಗಿ ಹೆಸರು, ಕೋಣೆ ಎಲ್ಲಿದೆ, ಯಾವ ಹೊತ್ತಿಗೆ ಸಿಗುತ್ತಾರೆ ಇಷ್ಟೇ ಇರುವ ಪುಟ್ಟ ಚೌಕ. ವಕೀಲರು, ದಂತವೈದ್ಯರ ಚೌಕದ ಪಕ್ಕ. ಓದಿದ ಡಾಕ್ಟರ್ ಬಾಯಿ ಮುಚ್ಚಿಕೊಂಡಿರಬೇಕು, ಬಾಟಲಿ ಮಾತ್ರ ಎಷ್ಟು ಬೇಕಾದರೂ ಕೂಗಬಹುದು.

ಖರ್ಚಿನ ಲೆಕ್ಕವೂ ಇದೆ. ದೊಡ್ಡ ಹೆಸರಿನ ಟಾನಿಕ್ ಬಾಟಲಿಗೆ ಒಂದು ಡಾಲರ್. 1914ಕ್ಕೆ ಮುಂಚೆ ಫೋರ್ಡ್ ಕಾರ್ಖಾನೆಯಲ್ಲೇ ದಿನಗೂಲಿ 2 ಡಾಲರ್ 34 ಸೆಂಟ್. ಅಂದರೆ ಒಂದು ಬಾಟಲಿ ಅಂದರೆ ಅರ್ಧ ದಿನದ ದುಡಿಮೆ. ಅಗ್ಗವಲ್ಲ, ಆದರೂ ದೂರದಿಂದ ಡಾಕ್ಟರನ್ನು ಕರೆಸುವುದಕ್ಕಿಂತ ಸಲೀಸು.

ಲಿಡಿಯಾ ಪಿಂಕಮ್ ಯಾರು? ಎಲ್ಲಾ ಪತ್ರಿಕೆಯಲ್ಲೂ ಅವರ ಮುಖ ಇದೆಯಲ್ಲ?

ಮ್ಯಾಸಚೂಸೆಟ್ಸ್ ರಾಜ್ಯದ ಲಿನ್ ಊರಿನ ಗೃಹಿಣಿ. ಅಡುಗೆಮನೆಯಲ್ಲಿ ಬೇರು, ಸೊಪ್ಪು ಕುದಿಸಿ ಹೆಂಗಸರ ತೊಂದರೆಗಳಿಗೆ ಕಷಾಯ ಮಾಡುತ್ತಿದ್ದರು. ಮನೆಗೆ ಕಷ್ಟ ಬಂದಾಗ 1875ರಲ್ಲಿ ಮಾರಾಟ ಶುರುವಾಯಿತು. ಅದರಲ್ಲೂ ಮದ್ಯಸಾರ ನೂರಕ್ಕೆ 20ರ ಆಸುಪಾಸು. ನೀಟಾಗಿ ಬಾಚಿದ ಕೂದಲು, ಕುತ್ತಿಗೆಗೆ ಲೇಸ್, ಶಾಂತ ಮುಖದ ಅಜ್ಜಿ. ಆಗ ಫೋಟೋ ಬ್ಲಾಕ್‌ಗಳು ಅಪರೂಪ. ಹಾಗಾಗಿ ಎಷ್ಟೋ ಊರುಗಳಲ್ಲಿ ಜನಕ್ಕೆ ಚೆನ್ನಾಗಿ ಪರಿಚಯವಿದ್ದ ಹೆಂಗಸಿನ ಮುಖ ಅದೊಂದೇ.

ಗಂಡಸು ಡಾಕ್ಟರ ಹತ್ತಿರ ಹೇಳಿಕೊಳ್ಳಲಾಗದ್ದನ್ನು 'ಮಿಸೆಸ್ ಪಿಂಕಮ್‌ಗೆ ಪತ್ರ ಬರೆಯಿರಿ' ಅನ್ನುತ್ತಿತ್ತು ಜಾಹೀರಾತು. ಹೆಂಗಸರು ಬರೆದರು, ಮನಸ್ಸು ಬಿಚ್ಚಿ ಬರೆದರು. ಲಿಡಿಯಾ ತೀರಿಕೊಂಡದ್ದು 1883ರಲ್ಲಿ. ಆಮೇಲೂ ಇಪ್ಪತ್ತು ವರ್ಷ ಅದೇ ಕರೆ, ಅದೇ ಮುಖ. ಕಂಪನಿ ಹೇಳಿದ್ದು, ಮಿಸೆಸ್ ಪಿಂಕಮ್ ಅಂದರೆ ಅವರ ಸೊಸೆ ಅಂತ. 1905ರಲ್ಲಿ ಹೆಂಗಸರ ನಿಯತಕಾಲಿಕ ಲೇಡೀಸ್ ಹೋಮ್ ಜರ್ನಲ್ ಆ ಜಾಹೀರಾತಿನ ಜೊತೆ ಲಿಡಿಯಾ ಸಮಾಧಿಯ ಕಲ್ಲಿನ ಫೋಟೋ ಹಾಕಿತು. ಒಂದು ಮಾತೂ ಬೇಕಿರಲಿಲ್ಲ.

ಸಂಪಾದಕರಿಗೆ ಗೊತ್ತಿರಲಿಲ್ವಾ? ಯಾಕೆ ಬರೆಯಲಿಲ್ಲ?

ಗೊತ್ತಿದ್ದವರು ಇದ್ದರು. ಅವರ ಬಾಯಿ ಕಟ್ಟಿದ್ದು ಒಪ್ಪಂದದ ಒಂದು ಸಾಲು. ಔಷಧಿ ಕಂಪನಿಗಳು ಪತ್ರಿಕೆಗಳ ಜೊತೆ ವರ್ಷಗಟ್ಟಲೆ ಜಾಹೀರಾತಿಗೆ ಒಪ್ಪಂದ ಮಾಡಿಕೊಳ್ಳುತ್ತಿದ್ದವು. ಅದರಲ್ಲಿ ಕೆಂಪು ಶಾಯಿಯಲ್ಲಿ ಒಂದು ಷರತ್ತು: ನಿಮ್ಮ ರಾಜ್ಯ ಈ ಔಷಧಿಗಳ ವಿರುದ್ಧ ಕಾನೂನು ತಂದರೆ ಈ ಒಪ್ಪಂದ ರದ್ದು. ಇದನ್ನು ಹುಟ್ಟುಹಾಕಿದ್ದು ತಾನೇ ಅಂತ ಹೇಳಿಕೊಂಡವರು ಟೊಲೀಡೊದಲ್ಲಿ ಹಾಲ್ಸ್ ಕೆಟಾರ್ ಕ್ಯೂರ್ ಮಾರುತ್ತಿದ್ದ ಎಫ್. ಜೆ. ಚೆನಿ. ಕಾನೂನಿನ ಪ್ರಸ್ತಾಪ ಬಂದರೆ ಕಂಪನಿ ಓಡಾಡಬೇಕಿಲ್ಲ, ಪತ್ರಿಕೆಗಳೇ ತಮ್ಮ ಶಾಸಕರ ಬಾಗಿಲು ತಟ್ಟುತ್ತವೆ. ಸೌದೆ, ಆಲೂಗಡ್ಡೆಯಲ್ಲಿ ಚಂದಾ ಪಡೆಯುವ ಸಂಪಾದಕ ನಗದು ಕೊಡುವವರನ್ನು ಎದುರು ಹಾಕಿಕೊಳ್ಳುವುದು ಸುಲಭವಿರಲಿಲ್ಲ.

ಈ ಗುಟ್ಟನ್ನು 1905ರ ನವೆಂಬರ್‌ನಲ್ಲಿ ಹೊರಹಾಕಿದ್ದು ಕಾಲಿಯರ್ಸ್ ವಾರಪತ್ರಿಕೆ. ಅದಕ್ಕೂ ಒಂದು ತಿಂಗಳ ಹಿಂದೆ ಅಲ್ಲೇ ಸ್ಯಾಮ್ಯುಯೆಲ್ ಹಾಪ್ಕಿನ್ಸ್ ಆಡಮ್ಸ್ ತಮ್ಮ ಲೇಖನಮಾಲೆ ಆರಂಭಿಸಿದ್ದರು. ಆ ವರ್ಷ ಅಮೆರಿಕನ್ನರು ಇಂಥ ಔಷಧಿಗೆ ಸುರಿಯುವ ಹಣ ಏಳೂವರೆ ಕೋಟಿ ಡಾಲರ್ ಅನ್ನುವುದು ಅವರ ಅಂದಾಜು. ಇಂಥ ಬರಹಗಳು ದೊಡ್ಡ ನಿಯತಕಾಲಿಕಗಳಿಂದ ಬಂದವೇ ಹೊರತು ಊರ ಪತ್ರಿಕೆಗಳಿಂದಲ್ಲ.

ಕಾನೂನು ಬಂದ ಮೇಲೆ ಎಲ್ಲಾ ಸರಿಯಾಯಿತಾ?

ಒಂದೇ ಸಲಕ್ಕೆ ಇಲ್ಲ. 1906ರ ಜೂನ್ 30ರಂದು ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಶುದ್ಧ ಆಹಾರ ಮತ್ತು ಔಷಧ ಕಾಯ್ದೆಗೆ ಸಹಿ ಹಾಕಿದರು. ಅದಕ್ಕಾಗಿ ವರ್ಷಾನುಗಟ್ಟಲೆ ಹೋರಾಡಿದವರು ಸರ್ಕಾರದ ಮುಖ್ಯ ರಸಾಯನಶಾಸ್ತ್ರಜ್ಞ ಹಾರ್ವಿ ವೈಲಿ. ಮದ್ಯಸಾರ, ಮಾರ್ಫಿನ್, ಅಫೀಮು, ಕೊಕೇನ್ ಇಂಥವು ಇದ್ದರೆ ಎಷ್ಟಿದೆ ಅಂತ ಚೀಟಿಯಲ್ಲಿ ಬರೆಯಲೇಬೇಕಾಯಿತು. ಆದರೆ ಕಾಯ್ದೆಯ ಕೈ ಚೀಟಿಯವರೆಗೆ ಮಾತ್ರ. ಪತ್ರಿಕೆಯಲ್ಲಿ ಏನು ಬೇಕಾದರೂ ಹೇಳಬಹುದಿತ್ತು. 'ಈ ಕಾಯ್ದೆಯಡಿ ಗ್ಯಾರಂಟಿ' ಅಂತ ಅದನ್ನೇ ಹೊಗಳಿಕೆಯಾಗಿ ಬಳಸಿಕೊಂಡವರೂ ಇದ್ದರು.

1911ರಲ್ಲಿ ಕ್ಯಾನ್ಸರ್ ಔಷಧಿಯ ಒಂದು ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಬಂತು. ಒಳಗಿನ ಪದಾರ್ಥದ ಬಗ್ಗೆ ಸುಳ್ಳು ಹೇಳಿದರೆ ತಪ್ಪು, ಗುಣವಾಗುತ್ತದೆ ಅಂತ ಸುಳ್ಳು ಹೇಳುವುದು ಈ ಕಾಯ್ದೆಗೆ ಬರುವುದಿಲ್ಲ ಅಂತ ತೀರ್ಪಾಯಿತು. 1912ರ ಶರ್ಲಿ ತಿದ್ದುಪಡಿ ಆ ಸಂದನ್ನು ಮುಚ್ಚಲು ನೋಡಿತು, ಆದರೆ ಬೇಕೆಂದೇ ಮೋಸ ಮಾಡಿದರು ಅಂತ ಸರ್ಕಾರ ಸಾಬೀತು ಮಾಡಬೇಕಿತ್ತು. 'ಹಾವಿನ ಎಣ್ಣೆ' ಅಂತ ಹೇಳಿ ಬಾಟಲಿ ಮಾರುತ್ತಿದ್ದ ಕ್ಲಾರ್ಕ್ ಸ್ಟ್ಯಾನ್ಲಿ 1916ರಲ್ಲಿ ಸಿಕ್ಕಿಬಿದ್ದಾಗ ದಂಡ ಬರೀ 20 ಡಾಲರ್. ಆ ಬಾಟಲಿಯಲ್ಲಿ ಇದ್ದದ್ದು ಖನಿಜ ತೈಲ, ಸ್ವಲ್ಪ ಕೊಬ್ಬು, ಖಾರದ ಮೆಣಸು. ಜಾಹೀರಾತಿಗೇ ಗಟ್ಟಿ ಲಗಾಮು ಬಿದ್ದದ್ದು 1938ರಲ್ಲಿ.

ಹಾಗಾದರೆ ಎಲ್ಲವೂ ಮೋಸವೇ?

ಅಲ್ಲ. ಫ್ಲೆಚರ್ಸ್ ಕ್ಯಾಸ್ಟೋರಿಯಾದಲ್ಲಿ ಇದ್ದದ್ದು ಮುಖ್ಯವಾಗಿ ಸೋನಾಮುಖಿ. ಮಲಬದ್ಧತೆಗೆ ನಾವೂ ಬಳಸುವಂಥದ್ದೇ. ಆರೋಪ ಮಾಡುವವರೂ ಎಡವಿದ್ದಾರೆ. 1904ರಲ್ಲಿ ಲೇಡೀಸ್ ಹೋಮ್ ಜರ್ನಲ್ ಬಫಲೋದ ಡಾಕ್ಟರ್ ಪಿಯರ್ಸ್ ಅವರ ಔಷಧಿಯಲ್ಲಿ ಮದ್ಯಸಾರ, ಅಫೀಮು ಇದೆ ಅಂತ ಹಳೇ ಪರೀಕ್ಷೆಯೊಂದನ್ನು ನಂಬಿ ಬರೆಯಿತು. ಆಗ ಮಾರುತ್ತಿದ್ದ ಬಾಟಲಿಯಲ್ಲಿ ಅದು ಇರಲಿಲ್ಲ. ಪತ್ರಿಕೆ 16,000 ಡಾಲರ್ ಪರಿಹಾರ ಕೊಡಬೇಕಾಯಿತು.

ನಮ್ಮ ದೇಶಕ್ಕೂ ಇದಕ್ಕೂ ನಂಟಿದೆಯಾ?

ಇದೆ. ಆ ಕಾಲದ 'ಡಾಕ್ಟರ್ ವಿಲಿಯಮ್ಸ್ ಪಿಂಕ್ ಪಿಲ್ಸ್'ನಂಥವು ಭಾರತದ ಪತ್ರಿಕೆಗಳಲ್ಲೂ ಜಾಹೀರಾತು ಹಾಕುತ್ತಿದ್ದವು. ನಮ್ಮಲ್ಲಿ 1954ರಲ್ಲಿ ಬಂದ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ನೇರವಾಗಿ ಜಾಹೀರಾತನ್ನೇ ಹಿಡಿಯುತ್ತದೆ. ಸಕ್ಕರೆ ಕಾಯಿಲೆ, ಕ್ಯಾನ್ಸರ್, ಮೂರ್ಛೆರೋಗದಂಥವನ್ನು ಗುಣಪಡಿಸುತ್ತೇವೆ ಅಂತ ಜಾಹೀರಾತು ಕೊಟ್ಟರೆ ಮೊದಲ ತಪ್ಪಿಗೇ ಆರು ತಿಂಗಳವರೆಗೆ ಜೈಲಾಗಬಹುದು. ಪತ್ರಿಕೆಯಲ್ಲೋ ಗೋಡೆಯ ಮೇಲೋ ಅಂಥದ್ದು ಕಂಡರೆ ಸುಮ್ನೆ ಬಿಡಬೇಡಿ, ಜಿಲ್ಲೆಯ ಔಷಧ ನಿಯಂತ್ರಣ ಕಚೇರಿಗೆ ತಿಳಿಸಿ.

ಈ ಪತ್ರಿಕೆಗಳನ್ನು ನಾನೂ ಓದಬೇಕು. ಎಲ್ಲಿಂದ ಶುರು ಮಾಡಲಿ?

ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 'ಕ್ರಾನಿಕ್ಲಿಂಗ್ ಅಮೆರಿಕ' ಹೆಸರಿನಲ್ಲಿ ಲಕ್ಷಗಟ್ಟಲೆ ಪುಟಗಳನ್ನು ಉಚಿತವಾಗಿ ಇಟ್ಟಿದೆ. ಚಂದಾ ಬೇಡ. ಹುಡುಕಾಟದಲ್ಲಿ ಔಷಧಿಯ ಹೆಸರು ಸಿಗದಿದ್ದರೆ ಬೇಸರ ಬೇಡ. ಮಾಸಿದ ಅಕ್ಷರವನ್ನು ಯಂತ್ರ ತಪ್ಪಾಗಿ ಓದಿರುತ್ತದೆ. ಹುಡುಕುವುದಕ್ಕಿಂತ ಒಂದು ಊರು ಆರಿಸಿಕೊಂಡು 1905ರ ಅಕ್ಟೋಬರ್‌ನಿಂದ ವಾರ ವಾರ ತಿರುವಿ ನೋಡುವುದು ಒಳ್ಳೆಯದು. ಕೆಲವೇ ವಾರಗಳಲ್ಲಿ ಅಂಗಡಿಯವರೆಲ್ಲಾ ಪರಿಚಯವಾಗುತ್ತಾರೆ. ಆಮೇಲೆ ಡೋನ್ಸ್ ಜಾಹೀರಾತಿನಲ್ಲಿ ಬರುವ ಹೆಸರನ್ನು ಬರೆದಿಟ್ಟುಕೊಳ್ಳಿ. ಅದೇ ಪತ್ರಿಕೆಯ ಊರ ಸುದ್ದಿ ಅಂಕಣದಲ್ಲಿ ಆ ಹೆಸರನ್ನು ಹಿಂಬಾಲಿಸಿ: ಮಗಳ ಮದುವೆ, ಹೊಸ ಕೊಟ್ಟಿಗೆ, ಆಮೇಲೆ ಯಾವುದೋ ಒಂದು ವಾರ ಶ್ರದ್ಧಾಂಜಲಿ. ಕಾರಣ ಏನು ಅಂತಲೂ ಅಲ್ಲೇ ಬರೆದಿರುತ್ತದೆ, ಕೊನೆಯವರೆಗೆ ಓದಿ.